ಬಯಲುಸೀಮೆಯ ಊರು, ಮಲೆನಾಡಿನ ಕಣ್ಣು

ಬಯಲುಸೀಮೆಯ ಸಣ್ಣ ಊರೊಂದಕ್ಕೆ ಹೋಗಿ ಬಂದು ಬರೆದ ಲೇಖನಗಳು ನಮ್ಮ ಪತ್ರಿಕೆಗಳಲ್ಲಿ ಅಪರೂಪವಲ್ಲ. ಬೇಸಗೆ ಬಂತೆಂದರೆ ನಾಲ್ಕಾರಾದರೂ ಕಣ್ಣಿಗೆ ಬೀಳುತ್ತವೆ. ಅವುಗಳ ಮೊದಲ ವಾಕ್ಯವನ್ನು ಓದುವ ಮೊದಲೇ ಊಹಿಸಬಹುದು. ಬಸ್ಸಿನಿಂದ ಇಳಿದೊಡನೆ ಬಿಸಿಲು. ಬಿಸಿಲಿನ ಹಿಂದೆ ಧೂಳು. ಧೂಳಿನಾಚೆ ಬತ್ತಿದ ಕೆರೆ. ಕೆರೆಯ ಏರಿಯ ಮೇಲೆ ಆಕಾಶ ನೋಡುತ್ತ ಕುಳಿತ ಒಬ್ಬ ಮುದುಕ. ಮುದುಕ ನಿಟ್ಟುಸಿರು ಬಿಟ್ಟರೆ ಲೇಖನ ಮುಗಿಯಿತು; ಲೇಖಕರು ಸಂಜೆಯ ಬಸ್ಸು ಹಿಡಿಯುತ್ತಾರೆ. ಊರಿನ ಹೆಸರೊಂದನ್ನು ಬದಲಾಯಿಸಿದರೆ ಆ ಲೇಖನ ಕಡೂರಿಗೂ ಒಪ್ಪುತ್ತದೆ, ಚಳ್ಳಕೆರೆಗೂ ಒಪ್ಪುತ್ತದೆ, ಕೊಟ್ಟೂರಿಗೂ ಒಪ್ಪುತ್ತದೆ. ಎಲ್ಲ ಊರಿಗೂ ಒಪ್ಪುವ ವರ್ಣನೆ ಯಾವ ಊರಿನ ವರ್ಣನೆಯೂ ಅಲ್ಲವೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಇದು ಒಬ್ಬಿಬ್ಬರು ಲೇಖಕರ ಕೈಯ ದೋಷವೆಂದು ತಿಳಿಯಬಾರದು. ನಮ್ಮ ಸಾಹಿತ್ಯ ನಮ್ಮ ಕಣ್ಣನ್ನು ಪಳಗಿಸಿರುವ ರೀತಿಯೇ ಹಾಗಿದೆ. ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನನಗೆ ಈ ಮಾತು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ಕಾಫಿ, ಏಲಕ್ಕಿ, ಮೆಣಸು, ಗದ್ದೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟ ಮಳೆ. ಇಲ್ಲಿಂದ ಮೂಡಿಗೆರೆ, ಚಿಕ್ಕಮಗಳೂರು, ಸಖರಾಯಪಟ್ಟಣಗಳನ್ನು ದಾಟಿ ಐವತ್ತು ಮೈಲಿಯಷ್ಟು ಹೋದರೆ ಕಡೂರು. ಅಲ್ಲಿ ಬೀಳುವ ಮಳೆ ನಮ್ಮದರಲ್ಲಿ ಮೂರನೆಯ ಒಂದು ಪಾಲೂ ಅಲ್ಲ. ಎರಡೂ ಒಂದೇ ಜಿಲ್ಲೆ. ಅಷ್ಟೇಕೆ, 1947ರವರೆಗೆ ಈ ಜಿಲ್ಲೆಗಿದ್ದ ಹೆಸರೇ ಕಡೂರು ಜಿಲ್ಲೆ ಎಂದು. ಕುದುರೆಮುಖವೂ ಬಾಬಾಬುಡನ್‌ಗಿರಿಯೂ ಕಾಗದಪತ್ರಗಳಲ್ಲಿ ಆ ಬಿಸಿಲೂರಿನ ಹೆಸರಿನಡಿಯಲ್ಲಿಯೇ ಇದ್ದವು. ಈಗ ಜಿಲ್ಲೆಯ ಹೆಸರು ಹೇಳಿದರೆ ಯಾರಿಗೂ ಕಡೂರು ನೆನಪಾಗುವುದಿಲ್ಲ. ಮಂಜು ಮಾತ್ರ ನೆನಪಾಗುತ್ತದೆ.

ನಮ್ಮ ಕಾವ್ಯಶಾಸ್ತ್ರ ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿತು. ಸಮುದ್ರ ಬಂತು, ಪರ್ವತ ಬಂತು, ಉದ್ಯಾನ, ಜಲಕ್ರೀಡೆ, ಚಂದ್ರೋದಯಗಳು ಬಂದವು. ಬಯಲಿಗೆ ಆ ಪಟ್ಟಿಯಲ್ಲಿ ಎಡೆಯಿಲ್ಲ. ಪಂಪ ಬನವಾಸಿಯನ್ನು ಹಾಡಿದ್ದು ಕನ್ನಡಿಗರ ಮನಸ್ಸಿನಲ್ಲಿ ಸಾವಿರ ವರ್ಷಗಳಿಂದ ಹಸಿರಾಗಿ ಉಳಿದಿದೆ. ಹೊಸಗನ್ನಡದಲ್ಲಿ ಕುವೆಂಪು ಅವರು 1933ರಲ್ಲಿ ‘ಮಲೆನಾಡಿನ ಚಿತ್ರಗಳು’ ಕೊಟ್ಟ ಮೇಲೆ ನಾಡನ್ನು ನೋಡುವುದೆಂದರೆ ಕಾಡನ್ನು ನೋಡುವುದೆಂದೇ ಒಂದು ತಲೆಮಾರು ಭಾವಿಸಿತು. ಹೀಗೆ ಪಳಗಿದ ಕಣ್ಣು ಬಯಲಿಗೆ ಹೋದರೆ ಅಲ್ಲಿ ಇರುವುದನ್ನು ನೋಡುವುದಿಲ್ಲ, ಇಲ್ಲದಿರುವುದನ್ನು ಎಣಿಸುತ್ತದೆ. ಮರವಿಲ್ಲ, ನೀರಿಲ್ಲ, ನೆರಳಿಲ್ಲ. ಇಲ್ಲಗಳ ಪಟ್ಟಿಯನ್ನೇ ವರ್ಣನೆಯೆಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ.

ಆದರೆ ಕನ್ನಡದ ಇನ್ನೊಂದು ನೆನಪು ಪಂಪನಿಗಿಂತ ಹಳೆಯದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಓಂಕುಂದಗಳ ನಡುವಣ ನಾಡನ್ನು ಹೆಸರಿಸುತ್ತದೆ. ಎಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ನಾಲ್ಕೂ ಬಿಸಿಲು ನಾಡಿನ ಊರುಗಳು. ಒಳ್ಳೆಯ ಕನ್ನಡ ಬೇಕಾದವನು ಅಲ್ಲಿಗೆ ಹೋಗಿ ಕೇಳಲಿ ಎಂಬುದು ಆ ಮಾತಿನ ಇಂಗಿತ. ಚೆಲುವಿಗಾಗಿ ಬನವಾಸಿಯನ್ನು ನೋಡಿದೆವು. ನುಡಿಗಾಗಿ ಬಯಲನ್ನು ಕೇಳಿದೆವು. ಮುಂದೆ ಕಣ್ಣಿನ ಅಭ್ಯಾಸ ಉಳಿಯಿತು, ಕಿವಿಯ ಅಭ್ಯಾಸ ತಪ್ಪಿತು. ಬಯಲುಸೀಮೆಯ ಊರಿನ ಬಗ್ಗೆ ನಮ್ಮಲ್ಲಿ ಬಂದಿರುವ ಸೊಗಸಾದ ಬರವಣಿಗೆಯೆಲ್ಲ ಈ ಕಿವಿಯಿಂದ ಹುಟ್ಟಿದೆ, ಸಪ್ಪೆಯಾದದ್ದೆಲ್ಲ ಬರಿಯ ಕಣ್ಣಿನಿಂದ ಹುಟ್ಟಿದೆ ಎಂಬುದು ನನ್ನ ವಾದ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಹೋಗಿ ಬಂದವರು ಬಯಲು ಎಂದು ಒಂದೇ ಮಾತಿನಲ್ಲಿ ಮುಗಿಸುವ ನೆಲಕ್ಕೆ ಅಲ್ಲಿಯವರು ಬೆದ್ದಲು, ಖುಷ್ಕಿ, ತರಿ, ಬೀಳು, ಗೋಮಾಳ, ಕಾವಲು ಎಂದು ಬಗೆಬಗೆಯ ಹೆಸರು ಕರೆಯುತ್ತಾರೆ. ಒಂದೊಂದಕ್ಕೂ ಬೇರೆ ಉಳುಮೆ, ಬೇರೆ ಕಂದಾಯ, ಬೇರೆ ವ್ಯಾಜ್ಯ. ಬತ್ತಿದ ಕೆರೆ ಎಂದು ನಾವು ಬರೆದುಕೊಳ್ಳುವಲ್ಲಿ ಅವರಿಗೆ ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳು ಕಾಣುತ್ತವೆ. ನೀರಿಲ್ಲದ ಕೆರೆಯೂ ಅವರಿಗೆ ಕೆರೆಯೇ. ಹೂಳೆಷ್ಟು, ಕಾಲುವೆ ಎಲ್ಲಿ ಮುಚ್ಚಿದೆ ಎಂಬ ಲೆಕ್ಕ ಬಾಯಲ್ಲಿಯೇ ಇರುತ್ತದೆ. ಬಾಬಾಬುಡನ್ ಬೆಟ್ಟಗಳ ಪೂರ್ವದ ಮಗ್ಗುಲಿನಲ್ಲಿ ಹುಟ್ಟಿ ಕಡೂರಿನ ಮೇಲೆ ಹಾದು ಹೋಗುವ ವೇದಾವತಿಗೆ ಹಿರಿಯೂರಿನ ಬಳಿ ಕಟ್ಟಿದ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ. ಅದಕ್ಕೆ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ. ಸುತ್ತಲ ಹಳ್ಳಿಗಳ ಜನ ಗುಂಪುಗುಂಪಾಗಿ ಅದನ್ನು ನೋಡಲು ಹೋದರು. ನಮ್ಮ ಮಲೆನಾಡಿನಲ್ಲಿ ನೀರು ಹರಿಯುವುದನ್ನು ನೋಡಲು ಯಾರೂ ಬಸ್ಸು ಹತ್ತಿ ಹೋಗುವುದಿಲ್ಲ. ಕೋಡಿ ಎಂಬ ಎರಡಕ್ಷರದ ಮಾತಿನಲ್ಲಿ ಒಂದು ಸೀಮೆ ಎಷ್ಟು ತಲೆಮಾರುಗಳ ನಿರೀಕ್ಷೆಯನ್ನು ಕೂಡಿಟ್ಟಿದೆಯೆಂದು ತಿಳಿಯದವರಿಗೆ ಆ ಗುಂಪು ಬರಿಯ ಜಾತ್ರೆಯಾಗಿ ಕಂಡೀತು.

ಇನ್ನು ಕೃತಿಗಳ ಮಾತಿಗೆ ಬರೋಣ. ಅನಂತಮೂರ್ತಿಯವರ ‘ಬರ’ 1976ರದು. ತೀರ್ಥಹಳ್ಳಿಯ ಮಳೆಯಲ್ಲಿ ಬೆಳೆದ ಲೇಖಕರು ಬರಪೀಡಿತ ಜಿಲ್ಲೆಯ ಊರನ್ನು ಕೈಗೆತ್ತಿಕೊಂಡ ಕಥೆ ಅದು. ಎಂ. ಎಸ್. ಸತ್ಯು ಅವರು 1982ರಲ್ಲಿ ಅದನ್ನು ಚಲನಚಿತ್ರವಾಗಿಯೂ ತಂದರು. ಆದರ್ಶವಾದಿಯಾದ ತರುಣ ಜಿಲ್ಲಾಧಿಕಾರಿ ಒಬ್ಬ. ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಲು ಮನಸ್ಸಿಲ್ಲದ ರಾಜಕಾರಣ. ನಡುವೆ ಹಸಿದ ಊರು. ಬರ ಎಂಬುದು ಆಕಾಶದಿಂದ ಬರುವುದಕ್ಕಿಂತ ಹೆಚ್ಚಾಗಿ ಕಚೇರಿಯಿಂದ ಬರುತ್ತದೆಂದು ಕನ್ನಡಕ್ಕೆ ಅಷ್ಟು ಖಚಿತವಾಗಿ ಹೇಳಿದ ಕಥೆ ಬೇರೆ ಇಲ್ಲ. ಆದರೂ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಅಧಿಕಾರಿಯ ಸಂಕಟ. ಊರು ಅವನ ಆತ್ಮಶೋಧನೆಗೆ ಹಿನ್ನೆಲೆಯಾಗಿ ನಿಲ್ಲುತ್ತದೆ. ಒಳ್ಳೆಯವನಾದ ಹೊರಗಿನವನು ಎಷ್ಟು ದೂರ ಹೋಗಬಲ್ಲ, ಎಲ್ಲಿ ನಿಲ್ಲಬೇಕಾಗುತ್ತದೆ ಎಂಬುದೇ ಕಥೆಯ ವಸ್ತುವಾದ್ದರಿಂದ ಇದನ್ನು ದೋಷವೆನ್ನಲಾಗದು, ಎಲ್ಲೆ ಎನ್ನಬಹುದು. ಅವರನ್ನು ಅನುಸರಿಸಿದ ಲೇಖನಗಳು ಆ ಎಲ್ಲೆಯನ್ನು ಉಳಿಸಿಕೊಂಡು ಸಂಕಟವನ್ನು ಮಾತ್ರ ಬಿಟ್ಟುಬಿಟ್ಟಿವೆ.

ಇದರ ಪಕ್ಕದಲ್ಲಿ ಭೈರಪ್ಪನವರ ‘ಗೃಹಭಂಗ’ವನ್ನಿಟ್ಟು ನೋಡಬೇಕು. 1970ರ ಈ ಕಾದಂಬರಿ ತಿಪಟೂರು-ಚನ್ನರಾಯಪಟ್ಟಣದ ಸೀಮೆಯದು. ಇದರಲ್ಲಿ ಬಿಸಿಲಿನ ವರ್ಣನೆಗೆಂದು ಯಾರೂ ನಿಲ್ಲುವುದಿಲ್ಲ. ಕೈಲಾಗದ ಗಂಡನ ಬದಲು ನಂಜಮ್ಮ ಶಾನುಭೋಗಿಕೆಯ ಲೆಕ್ಕ ಬರೆಯುತ್ತಾಳೆ. ಆ ಲೆಕ್ಕದಲ್ಲಿಯೇ ನೆಲದ ಸ್ವಭಾವವೆಲ್ಲ ಬಂದುಬಿಡುತ್ತದೆ. ಮುತ್ತುಗದ ಮರವನ್ನು ನೋಡಿ. ದಾರಿಹೋಕನಿಗೆ ಅದು ಬೇಸಗೆಯಲ್ಲಿ ಕೆಂಪಗೆ ಹೂ ಬಿಡುವ ಮರ. ಒಂದು ಉಪಮೆಗೆ ಸಾಕು. ನಂಜಮ್ಮನಿಗೆ ಅದು ಎಲೆ. ಎಲೆ ತಂದು, ಒಣಗಿಸಿ, ಹಚ್ಚಿ, ಕಟ್ಟು ಮಾಡಿ ಮಾರಿದರೆ ಮನೆಯ ಖರ್ಚಿಗೆ ನಾಲ್ಕು ಕಾಸು. ಒಂದು ಮರ ಒಂದು ಹೆಣ್ಣಿನ ಬೆರಳುಗಳ ಮೂಲಕ ನಮಗೆ ಪರಿಚಯವಾಗುವಾಗ ಆ ನೆಲ ಬರಡು ಎಂಬ ಮಾತು ತಾನಾಗಿಯೇ ಬಿದ್ದುಹೋಗುತ್ತದೆ. ದುಃಖ ಕಡಿಮೆಯಾಯಿತೆಂದಲ್ಲ, ಪ್ಲೇಗು ಬಂದು ಆ ಮನೆಯನ್ನು ಮುರಿಯುವ ಭಾಗಗಳನ್ನು ಕಲ್ಲೆದೆಯವರೂ ಸುಮ್ಮನೆ ಓದಲಾರರು. ಆದರೆ ಆ ದುಃಖ ಊರಿನದು, ನೋಡಲು ಬಂದವರದಲ್ಲ.

ರಾವ್ ಬಹಾದ್ದೂರರ ‘ಗ್ರಾಮಾಯಣ’ (1957) ಉತ್ತರದ ಒಂದು ಹಳ್ಳಿಯನ್ನೇ ನಾಯಕನನ್ನಾಗಿ ಮಾಡಿತು, ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಆಂಧ್ರದ ಗಡಿಯ ಹಳ್ಳಿಗಳಲ್ಲಿ ಉಪಾಧ್ಯಾಯರಾಗಿ ದುಡಿದ ಅವರ ಕಿವಿಗೆ ಕನ್ನಡವೂ ತೆಲುಗೂ ಬೆರೆತ ಬಯಲಿನ ಮಾತು ತಾನಾಗಿ ಬಂದಿದೆ. ಅವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಸಂದಿತು. ಅದನ್ನು ಓದುವಾಗ ನಮ್ಮ ನಗರದ ವಾಚಕರು ಮೊದಲ ಪುಟಗಳಲ್ಲಿ ತಡವರಿಸುವುದುಂಟು. ವಾಕ್ಯ ಮುಗಿಯುವುದಿಲ್ಲ, ನಗು ಯಾವುದು, ಅಳು ಯಾವುದು ತಿಳಿಯುವುದಿಲ್ಲ. ಅತಿ ಮಾತು ಎಂಬ ಆಕ್ಷೇಪ ಕೆಲವು ಕಡೆ ನಿಜವೂ ಹೌದು. ಆದರೆ ಬರಡು ಎಂದು ನಾವು ಕರೆದ ನೆಲದಲ್ಲಿ ಮಾತು ಇಷ್ಟು ದಟ್ಟವಾಗಿ ಬೆಳೆದಿದೆ ಎಂಬುದೇ ನಮ್ಮ ಹಳೆಯ ವರ್ಣನೆಗಳಿಗೆ ತಕ್ಕ ಉತ್ತರ. ಚಳ್ಳಕೆರೆ ಕಡೆಯ ಕಾಡುಗೊಲ್ಲರ ಸಿರಿಯಜ್ಜಿ ಹಾಡಿದ ಸಾವಿರಾರು ಪದಗಳೂ ಅದೇ ನೆಲದ ಬೆಳೆ. ಕೃಷ್ಣಮೂರ್ತಿ ಹನೂರರು ಅಲ್ಲಿಗೆ ಹೋಗಿ ಕುಳಿತು ಕೇಳಿದ್ದರಿಂದ ಅವು ನಮಗೆ ದೊರೆತವು. ನೋಡಿ ಬರಲು ಹೋದವರಿಗೆ ಅವು ದೊರೆಯುತ್ತಿರಲಿಲ್ಲ. ಕಡೂರು ತಾಲ್ಲೂಕಿನ ದೇವನೂರನ್ನಂತೂ ನೆನೆಯಲೇಬೇಕು. ಜೈಮಿನಿ ಭಾರತದ ಲಕ್ಷ್ಮೀಶನ ಊರು ಅದು. ಮಾವಿನ ತೋಪಿಗೆ ಚೈತ್ರವೆಂದು ಕೊಂಡಾಡಿಸಿಕೊಂಡ ಕವಿ ನೆಲೆ ನಿಂತದ್ದು ಈ ಬಿಸಿಲಿನ ತಾಲ್ಲೂಕಿನಲ್ಲಿ.

ಮಲೆನಾಡಿನವರಾದ ನಮಗೂ ಈ ಪಾಠ ಹೊರಗಿನದಲ್ಲ. ಮಂಜು, ಜಲಪಾತ, ಹಸಿರು ಎಂಬ ಚಿತ್ರಪಟದಿಂದ ಮೂಡಿಗೆರೆಯನ್ನು ಬಿಡಿಸಿದವರು ತೇಜಸ್ವಿ. ‘ಅಬಚೂರಿನ ಪೋಸ್ಟಾಫೀಸು’ (1973), ‘ಕರ್ವಾಲೊ’ (1980) ಇವುಗಳಲ್ಲಿ ಕಾಡು ಇದೆ, ಸರಿಯೇ; ಜೊತೆಗೆ ಅಂಚೆಯಿದೆ, ಜೇನಿನ ಪೆಟ್ಟಿಗೆಯಿದೆ, ಸಾಲವಿದೆ, ಜಗಳವಿದೆ. ಹೊರಗಿನವರು ಬಂದು ನಮ್ಮೂರನ್ನು ಬರಿಯ ಹಸಿರೆಂದು ಬರೆದಾಗ ನಮಗೆ ಮುಜುಗರವಾಗುವುದಾದರೆ, ಕಡೂರನ್ನು ಬರಿಯ ಬಿಸಿಲೆಂದು ನಾವು ಬರೆಯುವುದು ಹೇಗೆ ನ್ಯಾಯ?

ಹಾಗಾದರೆ ಬರವೇ ಸುಳ್ಳೇ, ಬಾಯಾರಿದವನಿಗೆ ಶಬ್ದಕೋಶ ಕೊಡಬೇಕೆ, ಎಂದು ಸಹೃದಯರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಬರ ನಿಜ, ಬಾವಿಗಳು ಬತ್ತಿದ್ದು, ಕೊಳವೆ ಬಾವಿ ಕೊರೆಸಿ ಸಾಲದಲ್ಲಿ ಮುಳುಗಿದ್ದು, ಮನೆಗಳಿಗೆ ಬೀಗ ಬಿದ್ದದ್ದು ಎಲ್ಲವೂ ನಿಜ. ಅದನ್ನು ಬರೆಯಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಬರ ಎಂಬುದು ಒಂದು ವರ್ಷದ ಸಂಗತಿ, ಬಯಲು ಎಂಬುದು ಸಾವಿರ ವರ್ಷದ ಬಾಳು. ಕಾಯಿಲೆಯನ್ನೇ ಮನುಷ್ಯನೆಂದು ತಿಳಿದ ವೈದ್ಯನಿಂದ ರೋಗಿಗೆ ಉಪಕಾರವಾಗುವುದಿಲ್ಲ.

ಇದು ಬರಿಯ ರುಚಿಯ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಖಾಲಿ ಎಂದು ಬರೆದ ನೆಲವನ್ನು ಖಾಲಿ ಎಂದೇ ಹಂಚುತ್ತಾರೆ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಮೊದಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ದನಗಳ ಮೇವಿಗಾಗಿ ಈ ಸೀಮೆಯಲ್ಲಿ ಕಾವಲುಗಳನ್ನು ಕಾದಿಟ್ಟಿದ್ದರು. ಚಳ್ಳಕೆರೆಯಲ್ಲಿ 2010ರ ಸುಮಾರಿಗೆ ಇಂಥ ಕಾವಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಕುರಿ ಮೇಯಿಸುವವರೂ ಕಂಬಳಿ ನೇಯುವವರೂ ಇದು ನಮ್ಮ ಬದುಕು ಎಂದು ಹೇಳಿದಾಗ ಊರಿಗೆ ಆಶ್ಚರ್ಯವಾಯಿತು; ಅಲ್ಲಿ ಏನೂ ಇಲ್ಲವೆಂದಲ್ಲವೇ ನಾವೆಲ್ಲ ಓದಿದ್ದು! ನಮ್ಮ ಜಿಲ್ಲೆಯಲ್ಲಿಯೇ, ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶವಾಗಿ ಘೋಷಿಸಿದರು. ಅಲ್ಲಿ ಕೃಷ್ಣಮೃಗಗಳಿವೆ, ತೋಳಗಳಿವೆ. ಹುಲ್ಲೇ ಅಲ್ಲಿಯ ಕಾಡು. ಒಂದು ಕಾವಲು ಉಳಿಯಿತು, ಇನ್ನೊಂದಕ್ಕೆ ಬೇಲಿ ಬಿತ್ತು. ಎರಡನ್ನೂ ದಾರಿಯಲ್ಲಿ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದರೆ ವ್ಯತ್ಯಾಸವೇನೂ ಕಾಣುತ್ತಿರಲಿಲ್ಲ.

ಇಷ್ಟಕ್ಕೂ ಮಲೆನಾಡು, ಬಯಲುಸೀಮೆ ಎಂಬ ಭೇದ ನೀರಿಗೆ ಗೊತ್ತಿಲ್ಲ. ಈ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ ಗೊರೂರಿನಲ್ಲಿ ನಿಂತು, ನಾಲೆಯಾಗಿ ನಂಜಮ್ಮನ ಸೀಮೆಯನ್ನೂ ತುಮಕೂರನ್ನೂ ಮುಟ್ಟುತ್ತದೆ. ಜನರಿಗೂ ಗೊತ್ತಿಲ್ಲ. ಕಾಫಿ ಕೊಯ್ಲಿಗೆ ಬಯಲುಸೀಮೆಯಿಂದ ಈ ತೋಟಗಳಿಗೆ ಬಂದು ಹೋದ ಜನ ನಮ್ಮನ್ನು ಎಷ್ಟೋ ಕಾಲದಿಂದ ಹತ್ತಿರದಿಂದ ನೋಡಿದ್ದಾರೆ. ಅವರ ಕಣ್ಣಿನಲ್ಲಿ ಗೋಣಿಬೀಡು ಹೇಗಿದೆ? ಆ ಪ್ರವಾಸಕಥನ ಕನ್ನಡದಲ್ಲಿ ಇನ್ನೂ ಬರಬೇಕಾಗಿದೆ. ಬಂದರೆ ನಮ್ಮ ಹಸಿರಿನ ಲೆಕ್ಕವೂ ಸ್ವಲ್ಪ ತಿದ್ದಿಕೊಂಡೀತು.

ಅಲ್ಲಿಯವರೆಗೆ, ಬೇಸಗೆಯಲ್ಲಿ ಬಯಲೂರಿಗೆ ಹೊರಡುವ ಲೇಖಕರು ಸಂಜೆಯ ಬಸ್ಸನ್ನು ಬಿಟ್ಟುಕೊಟ್ಟರೆ ಒಳ್ಳೆಯದು. ಒಂದು ರಾತ್ರಿ ಅಲ್ಲಿ ತಂಗಲಿ. ಬಿಸಿಲೂರು ಬದುಕುವುದು ಬೆಳಗಿನ ಜಾವ ಮತ್ತು ಸೂರ್ಯ ಇಳಿದ ಮೇಲೆ. ಮಧ್ಯಾಹ್ನ ಬಂದವರಿಗೆ ಅದು ಮಲಗಿರುವುದೇ ಕಾಣುತ್ತದೆ. ಸಂತೆಯ ದಿನ ಗೊತ್ತುಮಾಡಿಕೊಂಡು ಹೋಗಲಿ. ಏರಿಯ ಮೇಲಿನ ಮುದುಕನನ್ನು ಚಿತ್ರಿಸುವ ಮೊದಲು ಕೆರೆಯ ತೂಬು ಯಾವ ಕಡೆ ಎಂದು ಅವನನ್ನು ಕೇಳಲಿ. ಅವನು ನಿಟ್ಟುಸಿರು ಬಿಡದೆ ಒಂದು ಗಂಟೆ ಮಾತನಾಡುತ್ತಾನೆ. ಆ ಮಾತು ಬರೆದುಕೊಳ್ಳಲು ತಕ್ಕದ್ದು.