ಪಟ್ಟಿಯ ಸಾಲು ಮತ್ತು ಕನ್ನಡದ ಒತ್ತು: ಒಂದು ವಿಮರ್ಶೆ

ಗಣಕಯಂತ್ರದ ಪರದೆಯ ಮೇಲೆ ಹೆಸರುಗಳನ್ನು ಒಂದರ ಕೆಳಗೊಂದು ಜೋಡಿಸಿ, ಅವುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳುವಂತೆ ಮಾಡುವ ಸಾಧನವನ್ನು ಪ್ರೋಗ್ರಾಮು ಬರೆಯುವವರು ಲಿಸ್ಟ್‌ಬಾಕ್ಸ್ ಎಂದು ಕರೆಯುತ್ತಾರೆ. ಇದರ ರೂಪವನ್ನು ಮಾರ್ಪಡಿಸುವ ವಿಧಾನಗಳನ್ನು ಕಲಿಸುವಾಗ ಸಾಮಾನ್ಯವಾಗಿ ಬಣ್ಣ, ಚಿತ್ರ, ಗೆರೆಗಳ ಮಾತೇ ಮುಂದಾಗುತ್ತದೆ. ರೂಪವೆಂದರೆ ಅಲಂಕಾರ, ಅದು ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂಬ ಗ್ರಹಿಕೆ ಇದರ ಹಿಂದೆ ಇರುವಂತೆ ತೋರುತ್ತದೆ. ಕನ್ನಡದ ಪಟ್ಟಿಗೆ ಈ ಗ್ರಹಿಕೆ ಸಲ್ಲದೆಂಬುದನ್ನು ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳ ಹೆಸರಿನಿಂದಲೇ ತೋರಿಸಬಹುದೆಂದು ನಾವು ನಂಬುತ್ತೇವೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ಈ ನಾಲ್ಕು ತಾಲೂಕುಗಳು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹೊಸ ಜಿಲ್ಲೆಗೆ ಸೇರಿದುವು. ಮೊದಲಿನ ಎರಡು ಹೆಸರುಗಳಲ್ಲಿ ಒತ್ತಕ್ಷರವುಂಟು. ಕಡೆಯ ಎರಡರಲ್ಲಿ ಇಲ್ಲ. (ಹಾನಗಲ್ ಎಂದು ಬರೆಯುವವರೂ ಇದ್ದಾರೆ, ಆ ಕಡೆಯ ಜನ ಹೇಳುವಂತೆಯೇ ನಾವು ಬರೆದಿದ್ದೇವೆ.) ನಮ್ಮ ವಿದ್ಯಾರ್ಥಿಯೊಬ್ಬನು ವಿಂಡೋಸ್ ಫಾರ್ಮ್ಸ್ ಎಂಬ ವ್ಯವಸ್ಥೆಯಲ್ಲಿ ಅಭ್ಯಾಸಕ್ಕಾಗಿ ಇವುಗಳ ಪಟ್ಟಿಯೊಂದನ್ನು ಮಾಡಿ, ಸಾಲು ಬಿಟ್ಟು ಸಾಲಿಗೆ ತೆಳುಹಸಿರು ಬಣ್ಣ ಕೊಟ್ಟು ತಂದು ತೋರಿಸಿದನು. ಬಣ್ಣವೇನೋ ಹಿತವಾಗಿತ್ತು. ಆದರೆ ಶಿಗ್ಗಾಂವಿಯು ಶಿಗಾಂವಿಯಾಗಿಯೂ ಹಾನಗಲ್ಲವು ಹಾನಗಲವಾಗಿಯೂ ಕಾಣುತ್ತಿದ್ದುವು. ಸವಣೂರು, ಹಿರೇಕೆರೂರುಗಳಿಗೆ ಯಾವ ಬಾಧೆಯೂ ಇರಲಿಲ್ಲ. ಬಣ್ಣ ಕೊಡುವುದಕ್ಕೆ ಮುಂಚೆ ನಾಲ್ಕೂ ಹೆಸರುಗಳು ಸರಿಯಾಗಿದ್ದುವೆಂದು ಅವನು ಹೇಳಿದನು. ಆ ಮಾತು ನಿಜವೇ ಆಗಿತ್ತು.

ಇದರ ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ನೋಡತಕ್ಕದ್ದಾಗಿದೆ. ಲಿಸ್ಟ್‌ಬಾಕ್ಸನ್ನು ಅದರ ಪಾಡಿಗೆ ಬಿಟ್ಟರೆ, ಪ್ರತಿ ಸಾಲಿನ ಎತ್ತರವನ್ನು ನಾವು ಗೊತ್ತುಮಾಡಿದ ಫಾಂಟಿನ ಅಳತೆಯಂತೆ ಅದೇ ನಿಶ್ಚಯಿಸಿಕೊಳ್ಳುತ್ತದೆ. ಬಣ್ಣದ ಸಾಲುಗಳು ಬೇಕೆಂದಾಗ ಪ್ರೋಗ್ರಾಮುಕಾರನು ಡ್ರಾಮೋಡ್ ಎಂಬ ಗುಣವನ್ನು ಓನರ್‌ಡ್ರಾಫಿಕ್ಸೆಡ್ ಎಂದು ಬದಲಿಸುತ್ತಾನೆ. ‘ಇನ್ನು ಮುಂದೆ ಸಾಲುಗಳನ್ನು ಬರೆಯುವ ಭಾರ ನನ್ನದು’ ಎಂದು ಹೇಳಿದಂತೆ ಅದು. ಆ ಕ್ಷಣದಿಂದ ಹಿನ್ನೆಲೆ, ಅಕ್ಷರ, ಆಯ್ಕೆಯಾದ ಸಾಲಿನ ಗುರುತು ಎಲ್ಲವನ್ನೂ ಅವನೇ ಬರೆಯಬೇಕು. ಇಷ್ಟನ್ನು ಎಲ್ಲರೂ ಬಲ್ಲರು. ಎತ್ತರದ ಭಾರವೂ ಅದರೊಡನೆಯೇ ತನ್ನ ಮೇಲೆ ಬಿದ್ದಿತೆಂಬುದನ್ನು ಮಾತ್ರ ಅನೇಕರು ಗಮನಿಸುವುದಿಲ್ಲ. ಐಟಮ್‌ಹೈಟ್ ಎಂಬ ಬೆಲೆಯನ್ನು ತಾನಾಗಿ ಕೊಡದಿದ್ದರೆ ಅದು 13 ಚುಕ್ಕೆಗಳಷ್ಟೇ ಉಳಿಯುತ್ತದೆ. ಇದು ಚಿಕ್ಕ ಲ್ಯಾಟಿನ್ ಅಕ್ಷರಕ್ಕೆ ಹೊಂದಿಸಿದ ಅಳತೆ. ಸಾಲಿನ ಅಂಚನ್ನು ಮೀರಿದ ಬರವಣಿಗೆಯನ್ನು ವಿಂಡೋಸ್ ತಾನೇ ಕತ್ತರಿಸಿಬಿಡುತ್ತದೆ. ಕನ್ನಡದಲ್ಲಿ ಅಂಚಿನ ಕೆಳಗೆ ಇಳಿಯುವುದು ಒತ್ತು. ಆದುದರಿಂದ ಕತ್ತರಿಗೆ ಸಿಕ್ಕುವುದೂ ಒತ್ತೇ.

ಲ್ಯಾಟಿನ್ ಲಿಪಿಯಲ್ಲಿ ಅಕ್ಷರದ ಬಾಲ ಕತ್ತರಿಸಿಹೋದರೂ ಓದುಗನು ಊಹಿಸಿಕೊಂಡು ಓದಬಲ್ಲನು. ಕನ್ನಡದಲ್ಲಿ ಒತ್ತು ಹೋದರೆ ಉಳಿಯುವುದು ಮತ್ತೊಂದು ಪದ. ಕತ್ತೆಯು ಕತೆಯಾಗುತ್ತದೆ, ಹಳ್ಳಿಯು ಹಳಿಯಾಗುತ್ತದೆ. ಹಾವೇರಿ ಸೀಮೆಯ ಜನರ ಹೆಸರುಗಳನ್ನು ನೋಡಿರಿ: ಬಸಪ್ಪ, ಕಲ್ಲಪ್ಪ, ನಿಂಗಪ್ಪ, ಯಲ್ಲವ್ವ, ನೀಲವ್ವ. ಅಪ್ಪನೂ ಅವ್ವನೂ ಒತ್ತಕ್ಷರದವರೇ. ಇಂತಹ ಹೆಸರುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತ ಗುಮಾಸ್ತನಿಗೆ ಇದು ಸೌಂದರ್ಯದ ಪ್ರಶ್ನೆಯಲ್ಲ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯ ಮೂಲಕ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ಅಂದಿನಿಂದ ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂದು ಪಟ್ಟಿಯ ಬಳಿಕ ಪಟ್ಟಿಯಿಂದ ಆರಿಸುತ್ತ ಹೋಗುವುದು ರೈತನ ಕಾಗದಕ್ಕೆ ದಾರಿಯಾಗಿದೆ. ಪಟ್ಟಿಯಲ್ಲಿ ಓದಲಾಗದ ಹೆಸರನ್ನು ಊಹೆಯಿಂದ ಆರಿಸಿಕೊಳ್ಳುವುದು ಇಂತಹ ಕೆಲಸದಲ್ಲಿ ಸಣ್ಣ ತಪ್ಪಲ್ಲ.

ಈ ಮಾತು ನಮ್ಮ ಪೂರ್ವಿಕರಿಗೆ ಹೊಸದೂ ಅಲ್ಲ. ಕದಂಬರ ಒಂದು ಶಾಖೆಯ ರಾಜಧಾನಿಯಾಗಿದ್ದ ಹಾನಗಲ್ಲಿನ ಕಡೆಗೆ ಹೋದವರು ಅಲ್ಲಿಯ ಹಳಗನ್ನಡ ಶಾಸನಗಳನ್ನು ನೋಡಿರಬಹುದು. ಕಲ್ಲಿನ ಮೇಲೆ ಸಾಲು ಕಂಡರಿಸುವವನು ಒತ್ತಿಗೆ ಕೆಳಗೆ ಎಡೆಯನ್ನು ಮೊದಲೇ ಎಣಿಸಿಕೊಳ್ಳಬೇಕು. ಉಳಿಯ ಏಟು ಬಿದ್ದ ಮೇಲೆ ತಿದ್ದುವಂತಿಲ್ಲ. ನಮ್ಮ ಪ್ರೋಗ್ರಾಮುಕಾರನಿಗೆ ತಿದ್ದಲು ಬರುತ್ತದೆ. ಎಣಿಕೆಯನ್ನು ಅವನು ಮುಂದೂಡುವುದು ಪ್ರಾಯಶಃ ಅದರಿಂದಲೇ. ಕ್ಷೇಮೇಂದ್ರನು ಅಲಂಕಾರಕ್ಕಿಂತ ಔಚಿತ್ಯಕ್ಕೆ ಹಿರಿಮೆ ಕೊಟ್ಟುದು ಕಾವ್ಯದ ವಿಷಯದಲ್ಲಿ. ಆದರೂ ಹಸಿರು ಪಟ್ಟೆಗಾಗಿ ಒತ್ತನ್ನು ಕಳೆದುಕೊಂಡ ಪಟ್ಟಿಯ ಮುಂದೆ ಅವನ ನೆನಪಾಗದೆ ಇರಲಿಲ್ಲ.

ಪರಿಹಾರವು ಕಷ್ಟದ್ದಲ್ಲ. ತುಂಗಾ ಅಥವಾ ನಿರ್ಮಲಾ ಯುಐ ಮುಂತಾದ, ಕನ್ನಡವುಳ್ಳ ಫಾಂಟನ್ನು ಪಟ್ಟಿಗೆ ಸ್ಪಷ್ಟವಾಗಿ ಹೆಸರಿಸಿ, ಆ ಫಾಂಟಿನ ಎತ್ತರವನ್ನು ಕೇಳಿ, ಬಂದ ಸಂಖ್ಯೆಯನ್ನು ಐಟಮ್‌ಹೈಟ್‌ಗೆ ಕೊಡುವುದು. ಪ್ರತಿ ಹೆಸರನ್ನೂ ಬೇರೆ ಬೇರೆ ಅಳೆಯುವ ಓನರ್‌ಡ್ರಾವೇರಿಯಬಲ್ ಎಂಬ ಮತ್ತೊಂದು ಮಾರ್ಗವುಂಟು. ಎಲ್ಲ ಸಾಲುಗಳೂ ಒಂದೇ ಫಾಂಟಿನಲ್ಲಿರುವಾಗ ಅದು ವ್ಯರ್ಥಶ್ರಮವೆಂದು ನಮ್ಮ ಮತ. ಸಾಲು ಎತ್ತರವಾದರೆ ಪೆಟ್ಟಿಗೆಯಲ್ಲಿ ಕಾಣುವ ಹೆಸರುಗಳು ಕಡಿಮೆಯಾಗುವುವೆಂಬ ಆಕ್ಷೇಪವಿದೆ. 13ರ ಸಾಲು 18 ಆದರೆ, ಹತ್ತು ಹೆಸರು ಹಿಡಿಯುತ್ತಿದ್ದ ಪೆಟ್ಟಿಗೆಯು ಏಳನ್ನು ಮಾತ್ರ ಹಿಡಿದೀತು. ಆದರೆ ಓದಲು ಬರುವ ಏಳು ಹೆಸರುಗಳು ನಮಗೆ ಸಾಕು. ಲಿಸ್ಟ್‌ವ್ಯೂ ಎಂಬ ಹಿರಿಯ ಪಟ್ಟಿಯಲ್ಲಿಯಾದರೋ ಸಾಲಿನ ಎತ್ತರವನ್ನು ಹೇಳುವ ಗುಣವೇ ಇಲ್ಲ. ಬೇಕಾದಷ್ಟು ಎತ್ತರದ ಬರಿಯ ಚಿತ್ರವೊಂದನ್ನು ಅದಕ್ಕೆ ಜೋಡಿಸಿ ಸಾಲನ್ನು ಹಿಗ್ಗಿಸುವ ಉಪಾಯವನ್ನು ಎಲ್ಲರೂ ಬಳಸುತ್ತಾರೆ; ನಾವೂ ಬಳಸಿದ್ದೇವೆ, ಸಂತೋಷದಿಂದಲ್ಲ. 2006ರಲ್ಲಿ ಬಂದ ಡಬ್ಲ್ಯೂಪಿಎಫ್‌ನಲ್ಲಿ ಸಾಲು ತನ್ನೊಳಗಿರುವ ಅಕ್ಷರಕ್ಕೆ ತಕ್ಕಂತೆ ತಾನೇ ಹಿಗ್ಗುವುದರಿಂದ ಈ ತೊಡಕು ಬಹುಮಟ್ಟಿಗೆ ಇಲ್ಲ.

ಇನ್ನೊಂದು ದೋಷವು ಇದಕ್ಕಿಂತ ಸೂಕ್ಷ್ಮವಾದುದು. ಹುಡುಕಲು ಒತ್ತಿದ ಅಕ್ಷರಗಳನ್ನು ಪಟ್ಟಿಯ ಹೆಸರಿನಲ್ಲಿ ಕೆಂಪಾಗಿ ತೋರಿಸುವುದು ಈಗ ರೂಢಿಯಾಗಿದೆ. ಅದೇ ವಿದ್ಯಾರ್ಥಿಯು ಹೆಸರನ್ನು ಎರಡು ತುಂಡು ಮಾಡಿ, ಮೊದಲ ತುಂಡನ್ನು ಕೆಂಪಿನಲ್ಲಿಯೂ ಉಳಿದುದನ್ನು ಕಪ್ಪಿನಲ್ಲಿಯೂ ಬರೆದನು. ಆಗ ಪರದೆಯ ಮೇಲೆ ‘ಶಿಗ್’ ಮತ್ತು ‘ಗಾಂವಿ’ ಎಂಬ ಎರಡು ಚೂರುಗಳು ಬಂದುವು. ಒತ್ತು ಒಡೆದು ಅರ್ಧಾಕ್ಷರವಾಯಿತು. ಶಿಗ್ಗಾಂವಿ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್ ಸಂಕೇತಗಳಲ್ಲಿ ಒಂಬತ್ತು. ಅಕ್ಷರದ ನಡುವೆ ಕತ್ತರಿಸಿದರೆ ಎರಡು ಕಡೆಯ ಸಂಕೇತಗಳು ಒಂದನ್ನೊಂದು ಕಾಣಲಾರವು. ಹೆಸರನ್ನು ಇಡಿಯಾಗಿಯೇ ಬರೆದು, ಗುರುತಿನ ಬಣ್ಣವನ್ನು ಅದರ ಹಿಂದೆ ಪೂರ್ಣಾಕ್ಷರದವರೆಗೆ ಹಾಸುವುದು ಯೋಗ್ಯ.

ಯೂನಿಕೋಡ್ ಬಳಕೆಗೆ ಬರುವ ಮುಂಚೆ, ನುಡಿ, ಬರಹ ಮೊದಲಾದ ತಂತ್ರಾಂಶಗಳ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಲ್ಯಾಟಿನ್ ಸಂಕೇತಗಳ ಎಡೆಯಲ್ಲಿ ಕುಳಿತಿದ್ದುವು. ಪಟ್ಟಿಗೆ ಆ ಫಾಂಟನ್ನು ಕೊಡಲು ಮರೆತರೆ ಹೆಸರಿನ ಬದಲು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು ಕಾಣುತ್ತಿದ್ದುವು. ರೂಪವೇ ಪಠ್ಯವಾಗಿದ್ದ ಆ ಕಾಲದಲ್ಲಿ ರೂಪವನ್ನು ಅಲಂಕಾರವೆಂದು ಯಾರೂ ಭಾವಿಸುವಂತಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಫಾಂಟು ಬಂದ ಮೇಲೆ ಪಠ್ಯವೂ ರೂಪವೂ ಬೇರೆಯಾದುವು. ಇದು ದೊಡ್ಡ ಲಾಭ. ಇಂದಿನ ಅಜಾಗರೂಕತೆಗೂ ಇದೇ ಎಡೆಮಾಡಿತೆಂದು ತೋರುತ್ತದೆ.

ಕಡೆಯದಾಗಿ ಕಣ್ಣಿಲ್ಲದ ಓದುಗನ ವಿಷಯ. ವಿಂಡೋಸ್‌ನ ಮೂಲ ವ್ಯವಸ್ಥೆಯಲ್ಲಿ ಸ್ವತಃ ಚಿತ್ರಿಸುವ ಪಟ್ಟಿಯನ್ನು ಹ್ಯಾಸ್‌ಸ್ಟ್ರಿಂಗ್ಸ್ ಎಂಬ ಲಕ್ಷಣವಿಲ್ಲದೆ ನಿರ್ಮಿಸಿದರೆ, ಪಟ್ಟಿಯು ಹೆಸರುಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದೇ ಇಲ್ಲ. ಪರದೆಯ ಮೇಲೆ ಹೆಸರಿನ ಚಿತ್ರವಿರುತ್ತದೆ. ಕೇಳಿದವರಿಗೆ ಕೊಡಲು ಹೆಸರಿಲ್ಲ. ಪರದೆಯನ್ನು ಓದಿ ಹೇಳುವ ತಂತ್ರಾಂಶವು ಆ ಸಾಲಿಗೆ ಬಂದಾಗ ಹೇಳಲು ಏನೂ ಸಿಕ್ಕದೆ ಹೋಗುತ್ತದೆ. ನಮ್ಮ ವಿದ್ಯಾರ್ಥಿಯ ಪಟ್ಟಿಗೆ ಈ ದೋಷವಿರಲಿಲ್ಲ. ಕಣ್ಣು ಮುಚ್ಚಿ ಕೇಳಿದಾಗ, ಒತ್ತು ಕಳೆದುಕೊಂಡಿದ್ದ ಹಾನಗಲ್ಲವೂ ಶಿಗ್ಗಾಂವಿಯೂ ಸರಿಯಾಗಿಯೇ ಕೇಳಿಬಂದುವು.