ಬರುವುದೋ ಬೇಡವೋ: ತಿಲಕ್ ನಗರದಲ್ಲಿ ಕುಳಿತು ಕನ್ನಡ ಕತೆ ಓದುವಾಗ

ಕನ್ನಡ ಕಥಾಸಾಹಿತ್ಯದಲ್ಲಿ ಊರು ಬಿಟ್ಟವರಿಗೆ ಬರವಿಲ್ಲ. ಮುಂಬಯಿಗೆ ಹೋದವರಿದ್ದಾರೆ, ಮದರಾಸಿಗೆ ಓದಲು ಹೋದವರಿದ್ದಾರೆ, ಬೆಂಗಳೂರಿನಲ್ಲಿ ಹೋಟೆಲು ತೆರೆದವರಿದ್ದಾರೆ, ಮದುವೆಯಾಗಿ ಹೊಳೆ ದಾಟಿದ ಹೆಣ್ಣುಮಕ್ಕಳಿದ್ದಾರೆ. ಆದರೆ ಊರು ಬಿಡಬೇಕೋ ಬೇಡವೋ ಎಂದು ಗಂಡ ಹೆಂಡತಿ ತಿಂಗಳುಗಟ್ಟಲೆ ಕುಳಿತು ಲೆಕ್ಕ ಹಾಕುವ ಕತೆಯನ್ನು ಹುಡುಕಹೊರಟರೆ ಕೈಗೆ ಸಿಗುವುದು ಬಹಳ ಕಡಿಮೆ. ಹೊರಟದ್ದು ಇದೆ, ತಲುಪಿದ್ದು ಇದೆ, ತಲುಪಿದ ಮೇಲಿನ ಹಂಬಲವಂತೂ ಧಾರಾಳವಾಗಿದೆ. ತೂಗಿ ನೋಡುವ ನಡುವಿನ ಕಾಲ ಮಾತ್ರ ಎರಡು ಅಧ್ಯಾಯಗಳ ಸಂದಿಯಲ್ಲಿ ಬಿದ್ದುಹೋಗಿದೆ. ತಿಲಕ್ ನಗರದಲ್ಲಿ ವಾಸವಾಗಿದ್ದು ಕನ್ನಡ ಓದುವ ನಮಗೆ ಇದು ಸಣ್ಣ ಕೊರತೆಯಾಗಿ ಕಾಣುವುದಿಲ್ಲ. ಇಲ್ಲಿನ ಎಷ್ಟೋ ಮನೆಗಳು ಅಂಥ ಲೆಕ್ಕಾಚಾರದಿಂದಲೇ ತುಂಬಿದವು. ಇನ್ನೆಷ್ಟೋ ಮಂದಿ ಹಾಸನ, ಶಿರಾ, ಚಿಂತಾಮಣಿಗಳಲ್ಲಿ ಕುಳಿತು ಇನ್ನೂ ಲೆಕ್ಕ ಹಾಕುತ್ತಿದ್ದಾರೆ.

ಮೊದಲು ಪದಗಳನ್ನೇ ನೋಡೋಣ. ಕನ್ನಡದ 'ವಲಸೆ' ಹಕ್ಕಿಗಳಿಗೂ ಜನಸಮೂಹಗಳಿಗೂ ಸಲ್ಲುವ ಪದ. ಅದರಲ್ಲಿ ಒಬ್ಬ ಮನುಷ್ಯನ ಮುಖ ಕಾಣುವುದಿಲ್ಲ. 'ಗುಳೆ' ಎಂದರೆ ಮಳೆ ಕೈಕೊಟ್ಟ ವರ್ಷ ರಾಯಚೂರು, ಯಾದಗಿರಿ ಕಡೆಯವರು ಗಂಟುಮೂಟೆ ಕಟ್ಟಿ ಹೊರಡುವುದು. ಅಲ್ಲಿ ತೀರ್ಮಾನ ಮಾಡುವುದು ಹಸಿವು. 'ವರ್ಗ' ಎಂದರೆ ಸರ್ಕಾರದ ಆದೇಶ. 'ಊರು ಬಿಟ್ಟವನು' ಎಂಬ ಮಾತಿನಲ್ಲಂತೂ ಅರ್ಧ ಬೈಗುಳವೇ ಇದೆ. ಉರ್ದುವಿನಲ್ಲಿ 'ಹಿಜ್ರತ್' ಎಂಬ ಗೌರವದ ಪದವಿದೆ. ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್(ಸ) ಮಕ್ಕಾದಿಂದ ಮದೀನಾಕ್ಕೆ ತೆರಳಿದ ಘಟನೆಯಿಂದ ಬಂದ ಪದ ಅದು. 1947ರ ನಂತರ ಉರ್ದು ಕತೆಗಾರರು ಅದನ್ನು ಎಷ್ಟು ಕಣ್ಣೀರಿನಲ್ಲಿ ಅದ್ದಿದರೆಂದರೆ, ಮೂಲ ಘಟನೆಯಲ್ಲಿದ್ದ ಮುಂದಾಲೋಚನೆಯೇ ಮರೆತುಹೋಯಿತು. ಅಬೂಬಕರ್(ರ) ಎರಡು ಒಂಟೆಗಳನ್ನು ತಿಂಗಳುಗಳ ಮೊದಲೇ ಮೇಯಿಸಿ ಸಿದ್ಧಪಡಿಸಿದ್ದರು. ದಾರಿ ತೋರಲು ಕೂಲಿ ಗೊತ್ತುಮಾಡಿದವನು ಮುಸ್ಲಿಮನಾಗಿರಲಿಲ್ಲ. ದಾರಿ ಬಲ್ಲವನಾಗಿದ್ದ, ಅಷ್ಟು ಸಾಕಾಗಿತ್ತು. ಮದೀನಾ ತಲುಪಿದ ಮೇಲೆ ಬಂದವರನ್ನು ಊರಿನವರೊಂದಿಗೆ ಜೋಡಿ ಜೋಡಿಯಾಗಿ ಸಹೋದರರನ್ನಾಗಿ ಮಾಡಿದ ಏರ್ಪಾಡೂ ಮನೆ, ಊಟ, ದುಡಿಮೆಯ ಪ್ರಶ್ನೆಗೆ ಕಂಡುಕೊಂಡ ಉತ್ತರವೇ. ಹಿಜ್ರತ್ ಎಂದರೆ ಬರೀ ವಿರಹವಲ್ಲ, ಲೆಕ್ಕವೂ ಹೌದು.

ಕನ್ನಡ ಮತ್ತು ಉರ್ದು ಎರಡನ್ನೂ ಓದುವವರ ಗಮನಕ್ಕೆ ಬರಬೇಕಾದ ಒಂದು ಕಾಕತಾಳೀಯವಿದೆ. ಯಶವಂತ ಚಿತ್ತಾಲರ 'ಶಿಕಾರಿ' ಮತ್ತು ಇಂತಿಜಾರ್ ಹುಸೇನರ 'ಬಸ್ತಿ' ಎರಡೂ ಬಂದದ್ದು 1979ರಲ್ಲಿ. ಒಂದರ ನಾಗಪ್ಪ ಹನೇಹಳ್ಳಿಯಿಂದ ಮುಂಬಯಿಗೆ ಬಂದವನು, ಇನ್ನೊಂದರ ಜಾಕಿರ್ ರೂಪನಗರದಿಂದ ಲಾಹೋರಿಗೆ ಬಂದವನು. ಇಬ್ಬರೂ ನಗರದ ಕೋಣೆಯಲ್ಲಿ ಕುಳಿತು ಬಿಟ್ಟುಬಂದ ಊರನ್ನು ಹೊರಳಿ ಹೊರಳಿ ನೋಡುತ್ತಾರೆ. ಎರಡೂ ದೊಡ್ಡ ಕಾದಂಬರಿಗಳು, ಆ ಮಾತಿನಲ್ಲಿ ನಮಗೆ ಅನುಮಾನವಿಲ್ಲ. ಆದರೆ ಎರಡರಲ್ಲೂ ಊರು ಬಿಡುವ ತೀರ್ಮಾನ ಎಂದೋ ಮುಗಿದುಹೋದ ಸಂಗತಿ. ಅದು ಗಾಯವಾಗಿ ಉಳಿದಿದೆ, ಪ್ರಶ್ನೆಯಾಗಿ ಉಳಿದಿಲ್ಲ.

ತೀರ್ಮಾನವನ್ನು ಪ್ರಶ್ನೆಯಾಗಿಯೇ ಇಟ್ಟವರು ಶಿವರಾಮ ಕಾರಂತರು. 'ಮರಳಿ ಮಣ್ಣಿಗೆ' (1941) ಕಾದಂಬರಿಯ ಮೂರನೆಯ ತಲೆಮಾರಿನ ರಾಮ ಮದರಾಸಿನಲ್ಲಿ ಓದಿ, ಮುಂಬಯಿಯಲ್ಲಿ ಕೆಲಸಕ್ಕೆ ಅಲೆದು, ಕೊನೆಗೆ ಕಡಲತಡಿಯ ಕೋಡಿಗೆ ಹಿಂತಿರುಗುತ್ತಾನೆ. ನೆರೆಯ ಮಯ್ಯರ ಮನೆಯವರು ಬೆಂಗಳೂರಿನ ಹೋಟೆಲಿನಿಂದ ಹಣ ಮಾಡುವುದೂ ಅದೇ ಕಾದಂಬರಿಯಲ್ಲಿದೆ. ಕಾರಂತರು ಊರನ್ನು ಸ್ವರ್ಗವೆಂದು ಬಣ್ಣಿಸಲಿಲ್ಲ. ಉಪ್ಪುನೀರು, ಮರಳು, ಹೆಂಗಸರ ಮುಗಿಯದ ದುಡಿಮೆ ಎಲ್ಲವೂ ಅಲ್ಲಿವೆ. ತೊಂದರೆ ಆದದ್ದು ನಂತರದ ವಿಮರ್ಶೆಯಿಂದ. ರಾಮನ ಮರಳುವಿಕೆಯನ್ನು ಒಂದು ಮೌಲ್ಯವಾಗಿ ಎತ್ತಿ ಹಿಡಿದು, ಮಯ್ಯರ ಮನೆಯವರ ಹೋಟೆಲನ್ನು ದುಡ್ಡಿನಾಸೆಯ ಲೆಕ್ಕಕ್ಕೆ ಬರೆಯುವುದು ರೂಢಿಯಾಯಿತು. ರಾಮನಿಗೆ ಮರಳಲು ಮಣ್ಣಾದರೂ ಇತ್ತು. ಶಿರಾದ ಬೀಡಿ ಕಟ್ಟುವ ಮನೆಯ ಹುಡುಗನಿಗೆ, ಹಾಸನದ ಗುಜರಿ ವ್ಯಾಪಾರಿಗೆ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ಅವನು ಮರಳಿ ಎಲ್ಲಿಗೆ ಹೋಗಬೇಕು?

ನಗರದ ಮನೆಗಳ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಬರವಣಿಗೆ ಇಲ್ಲವೆಂದಲ್ಲ. ನಿರಂಜನರ 'ರಂಗಮ್ಮನ ವಠಾರ' ಬಾಡಿಗೆಯ ಬದುಕನ್ನು ಅದರ ಗೋಡೆಗಳ ತೆಳುವಿನ ಸಮೇತ ಕೊಟ್ಟಿತು. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳಲ್ಲಿ ಮದುವೆಯ ಕರೆಯೋಲೆಯ ಮೇಲೆ ತಮ್ಮ ಹೆಸರು ಹೇಗೆ ಕಾಣುತ್ತದೋ ಎಂದು ತಳಮಳಿಸುವ ಅನಾಥ ಜೋಡಿಯೊಂದಿದೆ. ಬಾಡಿಗೆ ಕರಾರು ಪತ್ರದ ಮೇಲೆ ತನ್ನ ಹೆಸರು ಬರೆಸಿದ ಯಾವ ಮುಸ್ಲಿಮನಿಗೂ ಆ ತಳಮಳ ಬೇಗ ಅರ್ಥವಾಗುತ್ತದೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಬೆಂಗಳೂರಿನೊಳಗೇ ಇರುವೆಗಳ ಸಣ್ಣ ಮನೆಯಿಂದ ದೊಡ್ಡ ಮನೆಗೆ ಸಾಗುವ ಕುಟುಂಬದ ಕತೆ. ಮನೆ ಬದಲಾದರೆ ಮನುಷ್ಯರು ಹೇಗೆ ಬದಲಾಗುತ್ತಾರೆಂದು ಅಷ್ಟು ಕಡಿಮೆ ಪುಟಗಳಲ್ಲಿ ಹೇಳಿದ ಇನ್ನೊಂದು ಕೃತಿ ನಮಗೆ ನೆನಪಾಗುವುದಿಲ್ಲ. ಆದರೆ ಅಲ್ಲಿ ಚಿಕ್ಕಪ್ಪನ ಮಸಾಲೆ ವ್ಯಾಪಾರದ ಹಣವೇ ಎಲ್ಲರ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ. ಕೈಯಲ್ಲಿ ಹಣವಿಲ್ಲದವರ ತೀರ್ಮಾನ ಬೇರೆಯದೇ ಕತೆ.

ಆ ಕತೆಗೆ ಬೇಕಾದ ಸಾಮಗ್ರಿ ನಮ್ಮ ತಿಲಕ್ ನಗರದಲ್ಲಿ ಬೇಕಾದಷ್ಟಿದೆ. ಪಕ್ಕದ ಜಯನಗರ 1948ರಲ್ಲಿ ಅಡಿಗಲ್ಲು ಹಾಕಿ, ನಕ್ಷೆ ಬರೆದು ಕಟ್ಟಿದ ಬಡಾವಣೆ. ಅದರ ನಾಲ್ಕನೇ 'ಟಿ' ಬ್ಲಾಕಿನ 'ಟಿ' ನಮ್ಮ ತಿಲಕ್ ನಗರದ್ದೇ ಎಂದು ಇಲ್ಲಿಯವರು ಹೇಳುತ್ತಾರೆ. ಅಕ್ಷರ ಅತ್ತ ಹೋಯಿತು, ಜನ ಇತ್ತ ಉಳಿದರು. ಇನ್ನೊಂದು ಪಕ್ಕದ ಬಿ.ಟಿ.ಎಂ. ಲೇಔಟಿನ ಹೆಸರು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ. ಆ ಹಳ್ಳಿಯವರು ಎಲ್ಲಿಗೂ ಹೋಗಲಿಲ್ಲ, ನಗರವೇ ಅವರ ಹೊಲಗದ್ದೆಗಳಿಗೆ ನಡೆದು ಬಂತು. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಇಲ್ಲೇ ಹುಟ್ಟಿದವರನ್ನು ಕಳೆದರೂ, ಅದರ ಹಿಂದೆ ಎಷ್ಟು ಮನೆಗಳ ಎಷ್ಟು ರಾತ್ರಿಯ ಮಾತುಕತೆಗಳಿರಬೇಡ!

ಎಲ್ಲರೂ ಕೆಲಸ ಹುಡುಕಿಯೇ ಬರುತ್ತಾರೆ ಎಂಬ ಎಣಿಕೆಯೂ ಸರಿಯಲ್ಲ. ತಿಲಕ್ ನಗರದ ಆಸುಪಾಸಿನಲ್ಲೇ ಸಂಜಯ್ ಗಾಂಧಿ, ಜಯದೇವ, ನಿಮ್ಹಾನ್ಸ್, ಕಿದ್ವಾಯಿ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗಳಿವೆ. ಮೂಳೆ ಮುರಿದವರು, ಎದೆನೋವಿನವರು, ಕ್ಯಾನ್ಸರಿನವರು ರಾಜ್ಯದ ಮೂಲೆಮೂಲೆಯಿಂದ ಈ ಬೀದಿಗಳಿಗೆ ಬರುತ್ತಾರೆ. ಜೊತೆಗೆ ಬಂದವರು ಒಂದು ಕೋಣೆ ಹಿಡಿಯುತ್ತಾರೆ, ಸೀಮೆಯ ಪರಿಚಯದವರನ್ನು ಹುಡುಕಿಕೊಳ್ಳುತ್ತಾರೆ, ಯಾವ ಅಂಗಡಿಯಲ್ಲಿ ಉದ್ರಿ ಕೊಡುತ್ತಾರೆಂದು ತಿಳಿದುಕೊಳ್ಳುತ್ತಾರೆ. ರೋಗಿಯನ್ನು ಮಣ್ಣುಮಾಡಿದ ಮೇಲೂ ಹಿಂತಿರುಗದೆ ಉಳಿದ ಕುಟುಂಬಗಳು ನಮಗೆ ಗೊತ್ತು. ಅಷ್ಟರಲ್ಲಿ ಮಗ ಗ್ಯಾರೇಜಿಗೆ ಸೇರಿರುತ್ತಾನೆ, ಮಗಳಿಗೆ ಶಾಲೆ ಹಿಡಿಸಿರುತ್ತದೆ. ಬಂದದ್ದು ತೀರ್ಮಾನವಲ್ಲ, ಹೋಗದೆ ಇದ್ದದ್ದು ತೀರ್ಮಾನ. ಇಂಥದ್ದನ್ನು ಯಾವ ಪದದಿಂದ ಕರೆಯುವುದು? ವಲಸೆಯೂ ಅಲ್ಲ, ಗುಳೆಯೂ ಅಲ್ಲ.

ಇನ್ನು ಮನೆಯ ಪ್ರಶ್ನೆ. ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೆಯ ರೂಢಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿನ ಮಿತಿ ಹೇಳಿತಾದರೂ ಬೀದಿಯಲ್ಲಿ ನಡೆಯುವುದು ಬೀದಿಯ ಕಾನೂನೇ. ತಿಂಗಳು ತಿಂಗಳು ಬಾಡಿಗೆ ಬೇಡವೆನ್ನುವವರು ಭೋಗ್ಯಕ್ಕೆ ಹೋಗುತ್ತಾರೆ. ಬಾಯಿಮಾತಿನಲ್ಲಿ ಅದು 'ಲೀಸ್'. ಕೆಲವು ಲಕ್ಷ ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸು ಪಡೆಯುವ ಕ್ರಮ. ಕೊಟ್ಟ ಹಣದ ಮೇಲೆ ಲಾಭ ಪಡೆದಂತಾಯಿತಲ್ಲ, ಇದು ಬಡ್ಡಿಯೇ ಅಲ್ಲವೆ ಎಂದು ಆಕ್ಷೇಪಿಸುವ ಉಲೇಮಾಗಳಿದ್ದಾರೆ. ಹಾಗಾಗಿ ಊರಿನಲ್ಲಿ ಒಡವೆ ಮಾರುವ ಮೊದಲು ಆ ಪ್ರಶ್ನೆಯೂ ಏಳುತ್ತದೆ. ಇದಕ್ಕಿಂತ ದೊಡ್ಡ ತೊಡಕು ಹೆಸರಿನದು. ಫೋನಿನಲ್ಲಿ ಖಾಲಿ ಇದ್ದ ಮನೆ ಹೆಸರು ಹೇಳಿದ ಕೂಡಲೇ ಭರ್ತಿಯಾಗುವ ಅನುಭವ ನಮ್ಮವರಿಗೆ ಹೊಸದಲ್ಲ. ಎಲ್ಲ ಮಾಲೀಕರೂ ಹಾಗಿಲ್ಲ, ಆ ಮಾತು ಹೇಳಲೇಬೇಕು. ಆದರೂ 2006ರ ಸಾಚಾರ್ ಸಮಿತಿಯ ವರದಿ ಮುಸ್ಲಿಮರಿಗೆ ಮನೆ ಸಿಗದ ತೊಂದರೆಯನ್ನು ದಾಖಲಿಸಿದ್ದು ಗಾಳಿಮಾತು ಕೇಳಿ ಅಲ್ಲ. ಹೀಗಾಗಿ 'ಬೆಂಗಳೂರಿಗೆ ಹೋಗೋಣವೇ' ಎಂಬ ಪ್ರಶ್ನೆ ನಮ್ಮವರ ಬಾಯಲ್ಲಿ 'ತಿಲಕ್ ನಗರಕ್ಕೆ ಹೋಗೋಣವೇ, ಗುರಪ್ಪನಪಾಳ್ಯಕ್ಕೋ' ಎಂದಾಗುತ್ತದೆ. ಒಂದು ಕೋಟಿಯ ನಗರ ನಾಲ್ಕೈದು ಮೊಹಲ್ಲಾಗಳಿಗೆ ಇಳಿಯುತ್ತದೆ. ನೆಂಟರು, ಮಸೀದಿ, ಮಾಂಸದಂಗಡಿ ಹತ್ತಿರವಿರಲೆಂಬ ಆಸೆಯೂ ಇದರಲ್ಲಿ ಕೂಡಿದೆ ನಿಜ. ಆಸೆ ಎಷ್ಟು, ನಿರುಪಾಯ ಎಷ್ಟು ಎಂದು ಬಿಡಿಸಿ ನೋಡುವ ಕೆಲಸ ಸಮಾಜಶಾಸ್ತ್ರಕ್ಕಿಂತ ಕತೆಗೆ ಚೆನ್ನಾಗಿ ಒದಗುತ್ತದೆ ಎಂಬುದು ನಮ್ಮ ನಂಬಿಕೆ.

ಹಾಸನದಲ್ಲಿರುವ ನಮ್ಮ ಖಾಲಾ ಅವರ ಮಗ ಎರಡು ವರ್ಷದಿಂದ ಇದೇ ಲೆಕ್ಕದಲ್ಲಿದ್ದಾನೆ. ಅವನದು ಅಲ್ಲಿ ಕುಶನ್ ಅಂಗಡಿ. ಆಟೊ, ಜೀಪುಗಳ ಸೀಟು ಹೊಲಿಯುತ್ತಾನೆ. ಇಲ್ಲಿಗೆ ಬಂದರೆ ಅಂಗಡಿಯ ಬಾಡಿಗೆ ಎಷ್ಟು, ಯಾರಾದರೂ ಕೆಲಸಗಾರನಾಗಿ ಇಟ್ಟುಕೊಂಡರೆ ದಿನಗೂಲಿ ಎಷ್ಟು, ಅಮ್ಮನನ್ನು ಜಯದೇವಕ್ಕೆ ಕರೆತರುವ ಬಸ್ಸಿನ ಖರ್ಚು ಎಷ್ಟು ಉಳಿಯುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊ ಶುರುವಾದ ಮೇಲೆ, ಡಿಪ್ಲೊಮಾ ಓದುವ ಮಗನಿಗೆ ಎಲೆಕ್ಟ್ರಾನಿಕ್ಸ್ ಸಿಟಿ ಕಡೆ ಕೆಲಸ ಸಿಕ್ಕರೆ ಎಂಬ ಇನ್ನೊಂದು ಸಾಲು ಸೇರಿದೆ. ಅವನು ಮೂರು ಸಲ ಬಂದು ಮನೆ ನೋಡಿ ಹೋದ. ಅವನ ಹೆಂಡತಿ ಒಂದು ಸಲವೂ ಬಂದಿಲ್ಲ. ಫೋನಿನಲ್ಲಿ ಆಕೆ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಭಾಯ್‌ಜಾನ್, ಅಲ್ಲಿ ಟೆರೇಸಿಗೆ ಬೀಗ ಹಾಕ್ತಾರಾ?"

ಈ ಪ್ರಶ್ನೆಯನ್ನು ಲಘುವಾಗಿ ನೋಡಬಾರದು. ನಾಲ್ಕು ಮನೆಗಳ ಕಟ್ಟಡದಲ್ಲಿ ಟೆರೇಸಿನ ಕೀಲಿಕೈ ಮಾಲೀಕರ ಹತ್ತಿರವಿದ್ದರೆ, ಕೆಳಗಿನ ಮನೆಯ ಹೆಂಗಸಿಗೆ ಆಕಾಶವೇ ಇರುವುದಿಲ್ಲ. ಬಟ್ಟೆ ಒಣಹಾಕುವುದು, ಸಂಡಿಗೆ ಇಡುವುದು, ಸಂಜೆ ಅಕ್ಕಪಕ್ಕದವರೊಡನೆ ಎರಡು ಮಾತಾಡುವುದು, ಈದ್‌ನ ಚಂದ್ರ ನೋಡುವುದು ಎಲ್ಲಕ್ಕೂ ಆಕೆಗೆ ಇರುವುದು ಅದೊಂದೇ ಜಾಗ. ಗಂಡನ ನೋಟ್‌ಬುಕ್ಕಿನಲ್ಲಿ ಇಲ್ಲದ ಬಾಬ್ತು ಹೆಂಡತಿಯ ಒಂದು ಪ್ರಶ್ನೆಯಲ್ಲಿತ್ತು.

ತೀರ್ಮಾನ ಯಾರದು ಎಂಬುದನ್ನು ನಮ್ಮಲ್ಲಿ ಕೇಳಿದವರು ಹೆಣ್ಣುಮಕ್ಕಳೇ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ಹೊಳೆಯ ಆಚೆಗೋ ಈಚೆಗೋ ಎಂಬುದನ್ನು ನಿಶ್ಚಯಿಸುವವನು ಅಪ್ಪ. ಬಾನು ಮುಷ್ತಾಕ್ ಅವರ 'ಎದೆಯ ಹಣತೆ'ಯ ಮೆಹರುನ್ ಕೈಗೂಸಿನೊಂದಿಗೆ ಗಂಡನ ಮನೆ ಬಿಟ್ಟು ತವರಿಗೆ ಬರುತ್ತಾಳೆ. ಅಣ್ಣಂದಿರು ಅವಳನ್ನು ಮರಳಿ ಅಲ್ಲಿಗೇ ಬಿಟ್ಟುಬರುತ್ತಾರೆ. 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ಅವರ ಇಂಗ್ಲಿಷ್ ಸಂಕಲನದ ಮೊದಲ ಕತೆಯಲ್ಲಿ, ಶಾಯಿಸ್ತಾಳ ನೆರೆಗೆ ಬರುವ ನಿರೂಪಕಿ ಗಂಡನ ಕೆಲಸದಿಂದಾಗಿ ನಗರದ ಗದ್ದಲ ಬಿಟ್ಟು ಹಸಿರಿನ ನಡುವಿನ ಊರಿಗೆ ಬಂದವಳು. ಬಂದವಳ ಮೊದಲ ಯೋಚನೆ ಹೊಸ ಮನೆಯದಲ್ಲ, ಗಂಡನನ್ನು ಯಾವ ಪದದಿಂದ ಕರೆಯಬೇಕು ಎಂಬುದು. ಯಜಮಾನನೆಂದರೆ ತಾನು ಆಳಾಗುತ್ತೇನಲ್ಲ ಎಂಬ ಅವಳ ತರ್ಕವನ್ನು ಬಹಳ ಮಂದಿ ವಿನೋದವಾಗಿ ಓದಿದ್ದಾರೆ. ಊರು ಬದಲಿಸುವ ಪ್ರಶ್ನೆಯ ಬೆಳಕಿನಲ್ಲಿ ಓದಿದರೆ ಅದು ವಿನೋದವಷ್ಟೇ ಆಗಿ ಉಳಿಯುವುದಿಲ್ಲ.

ಆದರೂ ಒಂದು ಮಾತು ಉಳಿಯುತ್ತದೆ. ಕನ್ನಡದ ಮುಸ್ಲಿಮ್ ಕಥನದ ಭೂಪಟದಲ್ಲಿ ಕಾಸರಗೋಡು, ಮುತ್ತುಪ್ಪಾಡಿ, ಹಾಸನ ದೊಡ್ಡದಾಗಿ ಕಾಣುತ್ತವೆ. ಬೊಳುವಾರು ಮಹಮದ್ ಕುಂಞಿ ಅವರ 'ಸ್ವಾತಂತ್ರ್ಯದ ಓಟ' (2012) ದೇಶವಿಭಜನೆಯಂಥ ದೊಡ್ಡ ಪಲ್ಲಟವನ್ನೂ ಮುತ್ತುಪ್ಪಾಡಿಯ ಅಂಗಳಕ್ಕೇ ತಂದು ನಿಲ್ಲಿಸಿತು; ಆ ಕೆಚ್ಚು ದೊಡ್ಡದು. ಬೆಂಗಳೂರಿನ ಮೊಹಲ್ಲಾ ಮಾತ್ರ ಚುಕ್ಕಿಯಷ್ಟೇ. 2011ರ ಜನಗಣತಿಯ ಪ್ರಕಾರ ದೇಶದ ಮುಸ್ಲಿಮರಲ್ಲಿ ನೂರಕ್ಕೆ ಸುಮಾರು 40 ಮಂದಿ ನಗರ, ಪಟ್ಟಣಗಳಲ್ಲಿದ್ದಾರೆ. ಒಟ್ಟು ಜನರಲ್ಲಿ ಈ ಪ್ರಮಾಣ 31. ಜನ ನಗರದಲ್ಲಿ, ಕತೆ ಊರಿನಲ್ಲಿ! ಊರಿನ ದರ್ಗಾ, ಹೊಳೆ, ಬ್ಯಾರಿ ಮಾತಿನ ಸೊಗಡನ್ನು ಓದುಗರು ಬಯಸುತ್ತಾರೆಂಬುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಕಹಿಯಾದದ್ದು. ತಿಲಕ್ ನಗರದ ಪೇಟೆ ದಖ್ಖನಿಯಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ ನಡೆದುಹೋಗುತ್ತದೆ. ಮಕ್ಕಳ ಓದು ಇಂಗ್ಲಿಷಿನಲ್ಲಿ. ದೇವನಹಳ್ಳಿಯಲ್ಲಿ ಹುಟ್ಟಿ, ದಕ್ಷಿಣ ಬೆಂಗಳೂರಿನಲ್ಲೇ ಕೊನೆಯವರೆಗೆ ಬಾಳಿ 2020ರಲ್ಲಿ ತೀರಿಕೊಂಡ ನಿಸಾರ್ ಅಹಮದರಂಥ ಕನ್ನಡಿಗರು ಈ ಮೊಹಲ್ಲಾಗಳಿಂದ ಇನ್ನು ಹೇಗೆ ಬರಬೇಕು?

ನಮ್ಮ ತಮ್ಮನ ಮಗಳು ಹಾಸನದ ಸರ್ಕಾರಿ ಶಾಲೆಯಲ್ಲಿ ಎಂಟನೆಯ ತರಗತಿ, ಕನ್ನಡ ಮಾಧ್ಯಮ. ಮನೆಯಲ್ಲಿ ಉರ್ದು ಮಾತು, ಓದುವುದು ಕನ್ನಡ, ಈ ಮಾಸಿಕದ ಕತೆಗಳನ್ನೂ ಬಿಡುವುದಿಲ್ಲ. ಇಲ್ಲಿಗೆ ಬಂದರೆ ಅವಳನ್ನು ಇಂಗ್ಲಿಷ್ ಶಾಲೆಗೆ ಸೇರಿಸುವುದೆಂದು ಅಪ್ಪ ಆಗಲೇ ನಿಶ್ಚಯಿಸಿದ್ದಾನೆ. ಶುಲ್ಕ, ಸಮವಸ್ತ್ರ, ಟ್ಯೂಷನ್ ಎಲ್ಲವೂ ನೋಟ್‌ಬುಕ್ಕಿನಲ್ಲಿವೆ. ಕನ್ನಡದ ವಿಷಯ ಅದರಲ್ಲಿ ಎಲ್ಲೂ ಇಲ್ಲ. ಟೆರೇಸಿನದ್ದು ಮಾತ್ರ ಈಚೆಗೆ ಸೇರಿದೆ, ಅವನ ಹೆಂಡತಿಯ ಕೈಬರಹದಲ್ಲಿ.