ಹೊಳಿದಂಡಿಯ ತುಕ್ಕು

ಈ ವಾರ ಡಿಎಸ್‌ಬಿ-21 ಸೋಯಾ ತಳಿಯ ಬಗ್ಗೆ ಬರೆಯುವೆನೆಂದು ಮಾತು ಕೊಟ್ಟಿದ್ದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ತಳಿ, ತುಕ್ಕು ರೋಗವನ್ನು ತಾಳಿಕೊಳ್ಳುತ್ತದೆ, ಹಳೆಯ ಜೆಎಸ್-335 ತಾಳುವುದಿಲ್ಲ. ಸದ್ಯ ಇಷ್ಟು ಸಾಕು, ಏಕೆಂದರೆ ತಾರೀಖು ನೋಡಿ ಎಣ್ಣಿ ಹೊಡೆಯುವ ಪಂಥದವರು ಮತ್ತೆ ತಲೆ ಎತ್ತಿದ್ದಾರೆ.

ಬಿತ್ತಿದ ಇಷ್ಟನೇ ದಿನಕ್ಕೊಂದು ಸ್ಪ್ರೇ, ಎಲೆ ಹಳದಿಯಾದರೆ ಮೇಲೊಂದು ಟಾನಿಕ್ಕು. ಇವರು ಎಲೆಯನ್ನು ಒಮ್ಮೆಯೂ ಮಗುಚಿ ನೋಡಿದವರಲ್ಲ. ಸೋಯಾ ತುಕ್ಕಿಗೆ ಬೇಕಾದದ್ದು ಆರೇಳು ತಾಸು ಒದ್ದೆಯಾಗಿರುವ ಎಲೆ, 15ರಿಂದ 28 ಡಿಗ್ರಿ ಹವೆ. ಮುಧೋಳದ ಕಡೆ ಕಬ್ಬಿನ ಸಾಲುಗಳ ನಡುವೆ ಹಾಕಿದ ಸೋಯಾದಲ್ಲಿ ಇಬ್ಬನಿ ಬೇಗ ಆರುವುದೂ ಇಲ್ಲ. ತಳದ ಎಲೆ ಕಿತ್ತು ಬೆನ್ನಿಗೆ ಭೂತಗನ್ನಡಿ ಹಿಡಿಯಿರಿ: ಪುಟ್ಟ ಹುತ್ತಗಳಂತೆ ಬಾಯಿ ತೆರೆದ ಗುಳ್ಳೆಗಳು, ಬಾಯ್ತುಂಬ ಬೀಜಾಣು. ಈ ಬೀಜಾಣುಗಳು ಹೆಚ್ಚಿನ ತುಕ್ಕುಗಳ ಹಾಗೆ ಎಲೆಯ ರಂಧ್ರ ಹುಡುಕುವುದಿಲ್ಲ, ನೇರ ಚರ್ಮ ಕೊರೆದೇ ಒಳನುಗ್ಗುತ್ತವೆ. ಗುಳ್ಳೆ ಮೊದಲು ಕಂಡಾಗ ಹೆಕ್ಸಾಕೊನಜೋಲ್ ಹೊಡೆದರೆ ಕೆಲಸವಿದೆ, ಎಲೆಯೆಲ್ಲ ಉದುರಿದ ಮೇಲೆ ಹೊಡೆದರೆ ಅಂಗಡಿಯವನಿಗೆ ಮಾತ್ರ ಲಾಭ.

ಆದರೆ ನನ್ನ ತಕರಾರು ಇನ್ನೂ ಹಿಂದಿನದು. ಮುಂಗಾರಿನ ಸೋಯಾಕ್ಕೆ ಈ ರೋಗ ಬರುವುದಾದರೂ ಎಲ್ಲಿಂದ? ಇಲ್ಲಿ ನನಗೆ ಆಗ್ರಾದ ಕೆ.ಸಿ. ಮೆಹ್ತಾ ನೆನಪಾಗುತ್ತಾರೆ. ಗೋಧಿಯ ತುಕ್ಕು ಬಯಲುಸೀಮೆಯ ಬೇಸಿಗೆಯಲ್ಲಿ ಬದುಕುವುದಿಲ್ಲ, ಹಿಮಾಲಯದಲ್ಲಿ, ನೀಲಗಿರಿಯಲ್ಲಿ ಉಳಿದುಕೊಂಡು ಪ್ರತಿವರ್ಷ ಗಾಳಿಯೇರಿ ಇಳಿದುಬರುತ್ತದೆ ಎಂದು ಅವರು ಊರೂರಿನ ಎಲೆ ತಿರುವಿ ತೋರಿಸಿದರು. ಅವರ 1940ರ ಗ್ರಂಥವನ್ನು ಈಗ ಓದುವವರು ಕಡಿಮೆ. ಅವರ ಪ್ರಶ್ನೆ ಮಾತ್ರ ಹಳತಾಗಿಲ್ಲ: ಹೊಲ ಖಾಲಿ ಇದ್ದಾಗ ರೋಗದ ಮನೆ ಯಾವುದು?

ನಮ್ಮ ತುಕ್ಕು ಬೆಟ್ಟ ಹತ್ತಬೇಕಾಗಿಲ್ಲ. ಅದಕ್ಕೆ ಜೀವಂತ ಹಸಿರೆಲೆಯೊಂದಿದ್ದರೆ ಆಯಿತು. ಬೀಜಕ್ಕೆಂದು ಬೇಸಿಗೆಯಲ್ಲಿ ನೀರು ಹಾಯಿಸಿ ಬೆಳೆಯುವ ಸೋಯಾ ಕೃಷ್ಣೆಯ ದಂಡೆಯಲ್ಲಿ ಆ ಹಸಿರನ್ನು ಕಾದುಕೊಡುತ್ತದೆ. ಜಮಖಂಡಿ, ರಬಕವಿ-ಬನಹಟ್ಟಿಗಳಿಂದ ಹೊಳೆಯ ಮೇಲುಗಡೆ ಇರುವ ಉಗಾರ ಖುರ್ದದಲ್ಲಿ ತುಕ್ಕು ಎಷ್ಟು ಖಾತ್ರಿಯೆಂದರೆ, ತಳಿಗಳ ಸಹನಶಕ್ತಿ ಪರೀಕ್ಷಿಸಲು ವಿಜ್ಞಾನಿಗಳು ಅಲ್ಲಿಗೇ ಬರುತ್ತಾರೆ.

ಬ್ರೆಜಿಲ್‌ನವರು 2006ರಿಂದ ಒಂದೊಂದೇ ರಾಜ್ಯದಲ್ಲಿ ಕಾನೂನು ತಂದರು: ನಿಗದಿತ ತಿಂಗಳುಗಳಲ್ಲಿ ಹೊಲದಲ್ಲಿ ಒಂದು ಸೋಯಾ ಗಿಡವೂ ಇರಕೂಡದು, ತಾನಾಗಿ ಮೊಳೆತದ್ದೂ ಸೇರಿ. ಇಲ್ಲಿ ಒಬ್ಬ ಬೇಸಿಗೆ ಸೋಯಾ ಬಿಟ್ಟು ಪಕ್ಕದವ ಬೆಳೆದರೆ ವ್ಯರ್ಥ, ದಂಡೆಯ ಊರುಗಳೆಲ್ಲ ಒಟ್ಟಿಗೆ ಬಿಡಬೇಕು. ಬೇಸಿಗೆ ಬೀಜದಿಂದಲೇ ನಾಲ್ಕು ಕಾಸು ಕಾಣುವ ರೈತನಿಗೆ ಆ ನಷ್ಟ ತುಂಬಿಕೊಡುವವರು ಯಾರು? ಎಣ್ಣಿ ಪಂಥದವರು ಡಬ್ಬಿ ಬದಿಗಿಟ್ಟು ಇದಕ್ಕೊಂದು ಲೆಕ್ಕ ಹೇಳಲಿ. ಮುಂದಿನ ವಾರ ಶೇಂಗಾದ ಸರದಿ, ಅಲ್ಲಿಯೂ ಇವರ ಜೊತೆ ಬಾಕಿ ಇದೆ.